ಕುಂಟೆಯ ಕೆಸರಿನಲ್ಲಿ ನಿನ್ನ ಹೆಸರು

ಅಣ್ಣಾ,

ನಿನ್ನ ಹೆಸರು ಬರೆಯುವುದಿಲ್ಲ. ಸತ್ತವರ ಹೆಸರು ಹಿಡಿದು ಕರೆದರೆ ಅವರು ಹೋಗುವ ದಾರಿಯಲ್ಲೇ ತಿರುಗಿ ನೋಡುತ್ತಾರೆಂದು ನಮ್ಮ ನವಾಹೋ ಬುಡಕಟ್ಟಿನ ಹಿರಿಯರು ಹೇಳುತ್ತಾರೆ. ನೀನು ಹೋದಂದಿನಿಂದ ಅಮ್ಮ ಅದನ್ನು ಯಾರ ಬಾಯಲ್ಲೂ ಬರಗೊಡಲಿಲ್ಲ.

ಅರಿಜೋನಾದಲ್ಲಿ ಈ ಸಲ ಬೇಸಿಗೆ ಮುಗಿಯುತ್ತಲೇ ಇಲ್ಲ. ನಿನ್ನನ್ನು ಕೊಚ್ಚಿಕೊಂಡು ಹೋದ ಹಳ್ಳದಲ್ಲಿ ಈಗ ಬರೀ ಮರಳು. ಮೋಡದಿಂದ ಮಳೆ ಇಳಿಯುವುದು ಕಾಣುತ್ತದೆ, ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ಆರಿಹೋಗುತ್ತದೆ. "ಓಟು ಕೇಳೋರ ಥರ ಕಣೇ ಈ ಮೋಡಗಳು, ಮುಖ ತೋರಿಸಿ ಹೋಗ್ತಾವೆ," ಎನ್ನುತ್ತಾನೆ ಅಜ್ಜ.

ಇವತ್ತು ನಿನ್ನ ಬೂದು ಕುದುರೆ ನೀರು ಹುಡುಕಿಕೊಂಡು, ಒಣಗುತ್ತಿರುವ ಕುಂಟೆಗೆ ಇಳಿದು ಕೆಸರಿನಲ್ಲಿ ಹೂತುಹೋಯಿತು. ಅಜ್ಜ ಹಗ್ಗವನ್ನು ಪಿಕಪ್ ಗಾಡಿಗೆ ಕಟ್ಟಿ ಎಳೆದ. ಹಗ್ಗ ಹರಿಯಿತು. ಅಮ್ಮ ಸೊಂಟದವರೆಗೆ ಕೆಸರಿಗಿಳಿದು ಕುದುರೆಯ ತಲೆ ಎತ್ತಿ ಹಿಡಿದಳು.

"ಬಿಟ್ಟು ಬಾರೇ, ನೀನೂ ಹೋಗ್ತೀಯ!" ಅಜ್ಜ ಕಿರುಚಿದ.

"ಬಿಡಲ್ಲಪ್ಪಾ. ಇದನ್ನೂ ಬಿಡಲ್ಲ."

ಕುದುರೆಯ ಮೂಗು ಕೆಸರಿಗೆ ತಾಗಿದಾಗ ಅಮ್ಮ ನಿನ್ನ ಹೆಸರು ಹಿಡಿದು ಕೂಗಿದಳು. "ಎಲ್ಲಿದ್ದೀಯೋ, ಬೇಗ ಬಾರೋ!" ಸಿಕ್ಕಿಬಿದ್ದ ಕುರಿ, ಕುದುರೆಗಳನ್ನೆಲ್ಲ ನೀನೇ ಅಲ್ಲವೇ ಎಳೆದು ತರುತ್ತಿದ್ದುದು.

ನಾನು ಹೆದರಿ ಅಜ್ಜನ ಮುಖ ನೋಡಿದೆ. ಅವನು ಬೈಯಲಿಲ್ಲ. ತುಂಡು ಹಗ್ಗ ಹಿಡಿದುಕೊಂಡು, ನೀನು ಬರುತ್ತಿದ್ದ ದಾರಿಯ ಕಡೆ ತಿರುಗಿ ನಿಂತ. ನಾನೂ ತಿರುಗಿದೆ.

ಕೊನೆಗೆ ಅಮ್ಮನನ್ನು ಮಾತ್ರ ದಡಕ್ಕೆ ಎಳೆದುಕೊಂಡೆವು. ಅವಳು ನಿನ್ನ ಹೆಸರು ಕೂಗುತ್ತಲೇ ಇದ್ದಳು. ಸುಮ್ಮನಿರು ಎನ್ನಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ.