ಒಂಬತ್ತು ಹಾಳೆಗಳಲ್ಲಿ ಒಂದೇ ತೂಕ

ಮಾನ್ಯ ಅಧೀಕ್ಷಕರೇ,

ಇಂದು ಬೆಳಿಗ್ಗೆ ನನ್ನ ಮಗಳು ಊಟದ ಮೇಜಿನ ಅಂಚಿಗೆ ಹೊಟ್ಟೆಯೊತ್ತಿ ನಿಂತು ಚಿತ್ರಕ್ಕೆ ಬಣ್ಣ ತುಂಬುತ್ತಿದ್ದಳು. ನಾನು ಹಾಲಿನ ಲೋಟ ಹಿಡಿದು ಬಂದದ್ದು ಕಂಡದ್ದೇ ತಡ, ನೆಟ್ಟಗಾಗಿ, ಹಲ್ಲು ಬಿದ್ದ ಬಾಯಿ ತೆರೆದು ನಕ್ಕಳು. ಫ್ರಾಕಿನ ಮೇಲೆ ಮೇಜಿನ ಅಂಚಿನ ಗೆರೆ ಮೂಡಿತ್ತು. "ನೋವಾ ಕಂದಾ?" ಎಂದೆ. "ಇಲ್ಲಮ್ಮ, ಏನಿಲ್ಲ" ಎಂದಳು, ಥೇಟ್ ದೊಡ್ಡವರ ಹಾಗೆ. ಆರೂವರೆ ವರ್ಷಕ್ಕೇ ಅವಳು ನೋವನ್ನು ಮುಚ್ಚಿಡುವುದು ಕಲಿತಿದ್ದಾಳೆ. ಕಲಿಸಿದವರಲ್ಲಿ ತಾವು ನಡೆಸುವ ಮಕ್ಕಳ ಆಸ್ಪತ್ರೆಯೂ ಸೇರಿದೆ, ನಾನೂ ಸೇರಿದ್ದೇನೆ.

ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಸಲ ತಮ್ಮ ಹೊರರೋಗಿ ವಿಭಾಗಕ್ಕೆ ಬಂದಿದ್ದೇವೆ. ಏಳು ಮಂದಿ ವೈದ್ಯರು ನೋಡಿದ್ದಾರೆ. ಇವಳ ಹೊಟ್ಟೆ ಯಾಕೆ ನೋಯುತ್ತದೆಂದು ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದಿರುವುದು ತಪ್ಪೆಂದು ನಾನು ಹೇಳುತ್ತಿಲ್ಲ. "ನಮಗೆ ತಿಳಿಯುತ್ತಿಲ್ಲ, ಹುಡುಕುತ್ತಿದ್ದೇವೆ" ಎಂದು ಯಾರಾದರೂ ಒಬ್ಬರು ಹೇಳಿದ್ದರೆ ಕೈಮುಗಿದು ಸುಮ್ಮನಿರುತ್ತಿದ್ದೆ. ನನ್ನ ದೂರು ಬೇರೆ. ಮೊದಲನೆಯ ಭೇಟಿಯ ನಂತರ ತಮ್ಮಲ್ಲಿ ಯಾರೂ ಏನನ್ನೂ ಕೇಳಲಿಲ್ಲ.

ಆ ಮೊದಲನೆಯ ಭೇಟಿಯ ಬಗ್ಗೆ ಹೇಳಬೇಕು, ಏಕೆಂದರೆ ಅದರಲ್ಲಿ ನನ್ನ ತಪ್ಪೂ ಇದೆ. ತರಬೇತಿಯಲ್ಲಿದ್ದ ತರುಣ ವೈದ್ಯರು, ದಣಿದಿದ್ದರು, ಸಭ್ಯರೇ. "ಯಾವಾಗ ನೋವು ಬರತ್ತಮ್ಮ? ಬೆಳಿಗ್ಗೆ ಸ್ಕೂಲಿಗೆ ಹೊರಡೋ ಟೈಮಲ್ಲಾ?" ಎಂದರು. "ಹೌದು ಡಾಕ್ಟ್ರೇ" ಎಂದೆ. ಅದು ನಿಜವೇ. "ಭಾನುವಾರವೂ ಬರುತ್ತೆ, ಆಟದ ಮಧ್ಯೆಯೂ ಬರುತ್ತೆ, ನಿದ್ದೆಯಿಂದ ಎಬ್ಬಿಸುತ್ತೆ" ಎನ್ನುವ ಉಳಿದರ್ಧ ನನ್ನ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವರು ಕಂಪ್ಯೂಟರಿನತ್ತ ತಿರುಗಿದರು, ಬಾಗಿಲಲ್ಲಿ ಮುಂದಿನ ಮಗು ಅಳುತ್ತಿತ್ತು. ಸಾಹಿತ್ಯದಲ್ಲಿ ಪದವಿ ಪಡೆದವಳು ನಾನು. ಬೇರೆಯವರ ಮಾತಿನ ಬಗ್ಗೆ ಪುಟಗಟ್ಟಲೆ ಬರೆದು ಪಾಸಾದೆ. ನನ್ನದೇ ಒಂದು ವಾಕ್ಯವನ್ನು ಪೂರ್ತಿ ಮಾಡಲು ಆ ದಿನ ಧೈರ್ಯ ಸಾಲಲಿಲ್ಲ.

ಆಮೇಲೆ ರಕ್ತ ಪರೀಕ್ಷೆ, ಮೂತ್ರ, ಮಲ, ಒಂದು ಸ್ಕ್ಯಾನು. ಎಲ್ಲವೂ ನಾರ್ಮಲ್. ಹುಳುವಿನ ಔಷಧಿ ಕೊಟ್ಟಿರಿ, ಕುಡಿಸಿದೆ. ಹಾಲು ಬಿಡಿಸಿ ಎಂದಿರಿ, ಬಿಡಿಸಿದೆ. ಮುಂದಿನವರು ಹಾಲು ಯಾಕೆ ಬಿಡಿಸಿದಿರಿ ಎಂದರು, ಮತ್ತೆ ಶುರು ಮಾಡಿದೆ. ನಾರ್ಮಲ್ ಎಂಬುದು ಎಂಥ ಒಳ್ಳೆಯ ಪದ! ಅದನ್ನು ಕೇಳಿ ಮನೆಗೆ ಬಂದ ತಾಯಿ ದೇವರಿಗೆ ದೀಪ ಹಚ್ಚಬೇಕು. ನಾನು ಮಾತ್ರ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಏಕೆಂದರೆ ಆ ಪದ ಬಂದ ದಿನದಿಂದ ಇವಳ ನೋವನ್ನು ನಂಬುವವರು ಒಬ್ಬೊಬ್ಬರಾಗಿ ಕಡಿಮೆಯಾದರು.

ನಮ್ಮ ಮನೆಯವರು ಲಾರಿ ಓಡಿಸುತ್ತಾರೆ, ಹತ್ತು ದಿನಕ್ಕೊಮ್ಮೆ ಮನೆ ಕಾಣುತ್ತಾರೆ. ಫೋನಿನಲ್ಲಿ ಹಾರ್ನ್ ಸದ್ದಿನ ನಡುವೆ, "ರಿಪೋರ್ಟ್ ಚೆನ್ನಾಗಿದೆ ಅಂದ್ರೆ ಖುಷಿ ಪಡೋದು ಬಿಟ್ಟು ಯಾಕೆ ಅಳ್ತೀಯೇ? ಕಾಯಿಲೆ ಬರ್ಲಿ ಅಂತಾನಾ?" ಎಂದರು. ಅತ್ತೆಯವರು ಇನ್ನೂ ಚೆನ್ನಾಗಿ ಹೇಳಿದರು: "ನೀನು ಓದಿದ್ದು ಜಾಸ್ತಿ ಆಯ್ತು ನೋಡು. ಮಗು ಹೊಟ್ಟೆನೋವಿಗೂ ಒಳಾರ್ಥ ಹುಡುಕ್ತೀಯ." ಪಕ್ಕದ ಮನೆಯವರು ತಮ್ಮ ಮಗನೂ ಹೀಗೇ ಮಾಡುತ್ತಿದ್ದ, ಎರಡು ಏಟು ಬಿಟ್ಟ ಮೇಲೆ ಸರಿಹೋದ ಎಂದು ಸಮಾಧಾನ ಹೇಳಿದರು. ಯಾರೂ ಕೆಟ್ಟವರಲ್ಲ. ಆದರೆ ಇಷ್ಟೊಂದು ಒಳ್ಳೆಯವರ ನಡುವೆ ಒಬ್ಬಳೇ ಒಂದು ಮಾತನ್ನು ನಂಬಿಕೊಂಡಿರುವುದು ಹೇಗಿರುತ್ತದೆ ಗೊತ್ತೇ? ತಮ್ಮ ಕಾಯುವ ಕೋಣೆಯ ಉದ್ದ ಬೆಂಚಿನಲ್ಲಿ ಕೂತಿರುತ್ತೇನೆ. ಪಕ್ಕದಲ್ಲಿ ಕೈ ಮುರಿದ ಮಗು, ಜ್ವರದ ಮಗು. "ನಿಮ್ಮದಕ್ಕೇನು?" ಎಂದು ತಾಯಂದಿರು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ನನ್ನ ಸರದಿ ಬಂದಾಗ "ಹೊಟ್ಟೆನೋವು, ಒಂದು ವರ್ಷದಿಂದ" ಎನ್ನುತ್ತೇನೆ. ಅವರು ಇವಳನ್ನು ನೋಡುತ್ತಾರೆ. ಇವಳು ಆಗ ನೆಲದ ಚೌಕಗಳ ಮೇಲೆ ಕುಂಟೆಬಿಲ್ಲೆ ಆಡುತ್ತಿರುತ್ತಾಳೆ. "ಓ" ಎನ್ನುತ್ತಾರೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಆರನೆಯ ಭೇಟಿಯಲ್ಲಿ ಹಿರಿಯ ವೈದ್ಯರೊಬ್ಬರು ಪರದೆ ನೋಡಿಕೊಂಡೇ ಹೇಳಿದರು: "ಸ್ಕೂಲು ತಪ್ಪಿಸ್ಕೊಳಕ್ಕೆ ಮಕ್ಕಳು ಹೀಗೆ ಮಾಡ್ತಾರಮ್ಮ. ನೀವು ಗಾಬರಿ ಆದಷ್ಟೂ ಅದಕ್ಕೆ ಜಾಸ್ತಿ ಆಗತ್ತೆ. ಸ್ವಲ್ಪ ಗಟ್ಟಿ ಮನಸ್ಸು ಮಾಡಿ." ನನಗೂ ಸುಸ್ತಾಗಿತ್ತು, ಮಾನ್ಯರೇ. ಗಟ್ಟಿ ಮನಸ್ಸು ಮಾಡಿದೆ. ಮರುದಿನ ಬೆಳಿಗ್ಗೆ ಬೂಟು ಹಾಕಿಸುವಾಗ ಅವಳು ಹೊಟ್ಟೆ ಹಿಡಿದು ಮುದುಡಿ ಕೂತಾಗ, "ಸಾಕು ನಿನ್ನ ನಾಟಕ, ಏಳು" ಎಂದೆ. ಅಂಥ ಮಾತನ್ನು ಅವಳು ನನ್ನ ಬಾಯಿಂದ ಅದುವರೆಗೆ ಕೇಳಿರಲಿಲ್ಲ. ಎದ್ದು ನಡೆದಳು. ಹನ್ನೊಂದು ಗಂಟೆಗೆ ಶಾಲೆಯಿಂದ ಫೋನು. ನಾನು ಹೋಗುವಷ್ಟರಲ್ಲಿ ಟೀಚರ್ ಬಾಗಿಲಲ್ಲೇ ನಿಂತಿದ್ದರು. "ಬೆವರಿ ಒದ್ದೆಯಾಗಿದ್ಲು, ಹೇಳ್ಲೇ ಇಲ್ಲ ನೋಡಿ. ಕಣ್ಣು ಬಿಗಿಯಾಗಿ ಮುಚ್ಕೊಂಡು ಲೆಕ್ಕ ಮಾಡ್ತಿದ್ದಾಳೆ ಅಂತ ನಾನು ಸುಮ್ನಿದ್ದೆ." ಆಟೋದಲ್ಲಿ ಮಡಿಲಲ್ಲಿ ಮಲಗಿಸಿಕೊಂಡು, "ಟೀಚರಿಗೆ ಯಾಕೆ ಹೇಳ್ಲಿಲ್ಲ ಬಟಾಣಿ?" ಎಂದೆ. ಚಿಕ್ಕವಳೆಂದು ಮನೆಯಲ್ಲಿ ಹಾಗೆ ಕರೆಯುತ್ತೇವೆ. "ನಾಟಕ ಅಂತಾರೆ" ಎಂದಳು.

ಹದಿನಾಲ್ಕು ತಿಂಗಳಲ್ಲಿ ಆ ಮೂರು ಗಂಟೆಗಳ ಕಾಲ ಮಾತ್ರ ನನ್ನ ಮಗಳ ಪರವಾಗಿ ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ. ಅದನ್ನು ಮಾಡಿದವಳು ನಾನು. ಆಮೇಲಿಂದ ಅವಳು ನೋವೆಂದು ತಾನಾಗಿ ಹೇಳುವುದಿಲ್ಲ. ನಾನು ಹುಡುಕಬೇಕು: ಅರ್ಧಕ್ಕೆ ಬಿಟ್ಟ ಆಟ, ಇದ್ದಕ್ಕಿದ್ದಂತೆ ಬಂದ ಮೌನ, ಫ್ರಾಕಿನ ಮೇಲಿನ ಗೆರೆ.

ಈಗ ಒಂಬತ್ತು ಹಾಳೆಗಳ ವಿಚಾರ. ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತೇನೆ. ಶಾಲಾ ಪುಸ್ತಕಗಳ ಹೊಸ ಆವೃತ್ತಿ ಬಂದಾಗ ಹಳೆಯದರ ಪಕ್ಕದಲ್ಲಿಟ್ಟು ಸಾಲುಸಾಲಾಗಿ ನೋಡುವುದು ನಮ್ಮ ಕ್ರಮ. ಹೊಸ ತಪ್ಪಿಗಿಂತ ಹಳೆಯ ತಪ್ಪು ಅಪಾಯ, ಅದನ್ನು ಎಲ್ಲರೂ ಆಗಲೇ ನಂಬಿಬಿಟ್ಟಿರುತ್ತಾರೆ ಎಂದು ನಮ್ಮಲ್ಲಿ ಕರಡು ತಿದ್ದುವ ಹಿರಿಯರು ಹೇಳುತ್ತಾರೆ. ಕಳೆದ ವಾರ, ಒಂಬತ್ತನೆಯ ಭೇಟಿ ಮುಗಿಸಿ ಬಂದು, ತಾವು ಕೊಟ್ಟ ಹಾಳೆಗಳನ್ನೆಲ್ಲ ಮೇಜಿನ ಮೇಲೆ ಹಾಗೆಯೇ ಹರಡಿದೆ. ಒಂಬತ್ತರಲ್ಲೂ ಮೇಲಿನ ಭಾಗ ಒಂದೇ. ನನ್ನ ಮಾತಿನಲ್ಲಿ ಹೇಳುವುದಾದರೆ: ಐದು ವರ್ಷದ ಬಾಲಕಿ. ತೂಕ ಹದಿನೇಳೂವರೆ ಕಿಲೋ. ಶಾಲೆಗೆ ಹೊರಡುವ ವೇಳೆ ಹೊಟ್ಟೆನೋವು. ಉಳಿದಂತೆ ಆರೋಗ್ಯವಂತೆ. ತಾಯಿಗೆ ಆತಂಕ ಹೆಚ್ಚು.

ಅವಳಿಗೆ ಆರು ತುಂಬಿ ಆರು ತಿಂಗಳಾಯಿತು. ತಮ್ಮ ಕಂಪ್ಯೂಟರಿನಲ್ಲಿ ಇನ್ನೂ ಐದು. ಹಳೆಯ ಬರಹವನ್ನು ಒಂದು ಗುಂಡಿ ಒತ್ತಿ ಎಳೆದುಕೊಂಡು, ಕೆಳಗೆ ಹೊಸ ಔಷಧಿ ಸೇರಿಸುವುದು ತಮ್ಮಲ್ಲಿನ ಪದ್ಧತಿಯಂತೆ. ಸಮಯ ಉಳಿಯುತ್ತದೆ, ನಿಜ. ಉಳಿದ ಸಮಯವನ್ನು ಏನು ಮಾಡುತ್ತೀರಿ ಎಂದು ಕೇಳಬಹುದೇ? ಏಳು ವೈದ್ಯರು ನೋಡಿದರು ಎಂದು ನಾನು ಜಂಬದಿಂದ ಹೇಳಿಕೊಂಡಿದ್ದೆ. ನೋಡಿದವರು ಒಬ್ಬರೇ, ಆರು ಮಂದಿ ಅವರನ್ನು ಓದಿದರು.

ಕೇಳಿ, ಇನ್ನೂ ಇದೆ. ಪ್ರತಿ ಸಲ ಬಾಗಿಲ ಬಳಿಯ ಸಿಸ್ಟರ್ ಇವಳನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ತೂಕವನ್ನು ಬೆರಳಗಲದ ಚೀಟಿಯಲ್ಲಿ ಬರೆದು ಹಾಳೆಯ ಹಿಂಬದಿಗೆ ಪಿನ್ನು ಹೊಡೆಯುತ್ತಾರೆ. ಕಳೆದ ಸಲ "ಏನೇ, ಗಾಳಿ ಕುಡ್ಕೊಂಡು ಬದುಕಿದೀಯಾ?" ಎಂದು ಕೆನ್ನೆ ಹಿಂಡಿದ್ದರು. ಚೀಟಿಗಳನ್ನು ತಿರುಗಿಸಿ ನೋಡಿದೆ. ಹದಿನೇಳೂವರೆ. ಹದಿನೇಳೂವರೆ. ಹದಿನೇಳು. ಹದಿನಾರೂ ಮುಕ್ಕಾಲು. ಹೀಗೇ ಇಳಿಯುತ್ತ, ಒಂಬತ್ತನೆಯದು ಹದಿನಾರು. ಬೆಳೆಯುವ ಮಗು ಹದಿನಾಲ್ಕು ತಿಂಗಳಲ್ಲಿ ಒಂದೂವರೆ ಕಿಲೋ ಇಳಿದಿದೆ, ಹಾಳೆಯ ಮುಂಬದಿಯಲ್ಲಿ ಮಾತ್ರ ತೂಕ ಒಂದು ಗ್ರಾಂ ಕೂಡ ಕದಲಿಲ್ಲ. ನಾನು ದಿನವೂ ಎತ್ತಿಕೊಳ್ಳುವ ಮಗು. ನನ್ನ ಕೈಗೂ ತಿಳಿಯಲಿಲ್ಲ. ಆದರೆ ತೂಗುವುದು ನನ್ನ ಕೆಲಸವಾಗಿರಲಿಲ್ಲ, ಮಾನ್ಯರೇ.

ಮರುದಿನವೇ ದಾಖಲೆ ವಿಭಾಗದ ಕಿಟಕಿಗೆ ಓಡಿದೆ. ಗುಮಾಸ್ತರು ಹಾಳೆಗಳನ್ನು ಎರಡೆರಡು ಸಲ ನೋಡಿ, "ಇದನ್ನ ತಿದ್ದಕ್ಕೆ ಬರಲ್ಲಮ್ಮ, ಡಾಕ್ಟ್ರು ಬರೆದಿರೋದು" ಎಂದರು.

"ಡಾಕ್ಟ್ರೇ ತಿದ್ಲಿ ಸಾರ್."

"ಯಾವ ಡಾಕ್ಟ್ರು? ಬರೆದೋರು ಟ್ರೈನಿಂಗ್ ಮುಗಿಸ್ಕೊಂಡು ಹೋಗಿ ವರ್ಷ ಆಯ್ತು."

"ಅವಳಿಗೆ ಈಗ ಐದಲ್ಲ ಸಾರ್, ಆರು..."

"ಹಾಂ, ವಯಸ್ಸು ಬೇಕಾದ್ರೆ ಸರಿಮಾಡ್ಕೊಡ್ತೀನಿ. ಬರ್ತ್ ಸರ್ಟಿಫಿಕೇಟ್ ತಂದಿದೀರಾ?"

ತಂದಿರಲಿಲ್ಲ. ಪಕ್ಕದ ಕಂಬದಲ್ಲಿ ದೂರು ಪೆಟ್ಟಿಗೆ ಇತ್ತು. ಒಂದು ಚೀಟಿ ಬರೆದು ಹಾಕಿದೆ. ಎರಡು ದಿನ ಬಿಟ್ಟು ಇನ್ನೊಂದು ಹಾಕಲು ಹೋದರೆ ಮೊದಲನೆಯದು ಪೆಟ್ಟಿಗೆಯ ಬಾಯಲ್ಲೇ ಸಿಕ್ಕಿಕೊಂಡು ನನ್ನನ್ನು ನೋಡುತ್ತಿತ್ತು. ಅದಕ್ಕೇ ಈ ಮಾತನ್ನು ಪತ್ರಿಕೆಯಲ್ಲಿ, ಊರೆಲ್ಲ ಓದುವ ಕಡೆ ಹೇಳುತ್ತಿದ್ದೇನೆ. ಜೋರಾಗಿ ಮಾತಾಡಲು ಬಾರದವರಿಗೆ ಇರುವ ದಾರಿ ಇದೊಂದೇ.

ಅಧೀಕ್ಷಕರೇ, ನಾನು ಪವಾಡ ಕೇಳುತ್ತಿಲ್ಲ. ಬರುವ ಗುರುವಾರ ನಮ್ಮ ಹತ್ತನೆಯ ಭೇಟಿ. ಅಂದು ಒಬ್ಬ ವೈದ್ಯರು, ಇನ್ನು ಮುಂದೆ ಅವರೊಬ್ಬರೇ ನೋಡುವಂತೆ, ಹಳೆಯ ಹಾಳೆಯನ್ನು ಪಕ್ಕಕ್ಕಿಟ್ಟು ಮೊದಲಿನಿಂದ ಕೇಳಲಿ. ಸಿಸ್ಟರ್ ಬರೆದ ಒಂಬತ್ತು ಚೀಟಿಗಳನ್ನು ಸಾಲಾಗಿ ಓದಲಿ. ಅವು ಏನನ್ನು ಸೂಚಿಸುತ್ತವೋ ಆ ಪರೀಕ್ಷೆಯನ್ನು ಮಾಡಿಸಲಿ. ಇವಳದು ನಿಜಕ್ಕೂ ಮನಸ್ಸಿನ ನೋವೇ ಆಗಿದ್ದರೆ ಅದನ್ನೂ ಕೇಳಲು ಸಿದ್ಧಳಿದ್ದೇನೆ, ಅವಳನ್ನೇ ಕೇಳಿ ತಿಳಿದ ಮೇಲೆ ಹೇಳಿ. ಹಾಗೆಯೇ, ಮಗುವಿನ ತೂಕವನ್ನು ಹಿಂದಿನ ಹಾಳೆಯಿಂದ ಎಳೆದುಕೊಳ್ಳುವ ಪದ್ಧತಿಯನ್ನು ನಾಳೆಯಿಂದಲೇ ನಿಲ್ಲಿಸಿ. ಆ ಬೆಂಚಿನ ಮೇಲೆ ನನ್ನ ಹಾಗೆ "ಓ" ಎನ್ನಿಸಿಕೊಂಡು ಸುಮ್ಮನಾದ ತಾಯಂದಿರು ಇನ್ನೆಷ್ಟು ಮಂದಿ ಇದ್ದಾರೋ.

ಒಂದು ಸಂಗತಿಯನ್ನು ಇನ್ನೂ ಹೇಳಿಲ್ಲ. ಹೋದ ಭಾನುವಾರ ತಲೆ ಬಾಚುವಾಗ, ಕನ್ನಡಿಯಲ್ಲಿ ಅವಳ ಮುಖ ನೋಡದೆ, "ನೋವು ಬಂದಾಗ ಹೇಗಾಗತ್ತೆ?" ಎಂದು ಕೇಳಿದೆ. ಹದಿನಾಲ್ಕು ತಿಂಗಳಲ್ಲಿ ನಾನೂ "ನೋವಾ?" ಎಂದಷ್ಟೇ ಕೇಳಿದ್ದೆನೇ ಹೊರತು ಹೀಗೆ ಕೇಳಿರಲಿಲ್ಲ. ಅವಳು ಹೊಕ್ಕುಳಿನ ಬಲಕ್ಕೆ, ಕೊಂಚ ಕೆಳಗೆ ಬೆರಳಿಟ್ಟಳು. "ಇಲ್ಲಿ ಯಾರೋ ಒದ್ದೆ ಬಟ್ಟೆ ಹಿಂಡ್ತಾರೆ. ಆಮೇಲೆ ಬಿಟ್ಬಿಡ್ತಾರೆ. ಮತ್ತೆ ಹಿಂಡ್ತಾರೆ" ಎಂದಳು. ನಾನು ಕಲಿತ ಯಾವ ಪಾಠವೂ ನನಗೆ ಇಷ್ಟು ಸ್ಪಷ್ಟವಾಗಿ ಮಾತಾಡುವುದನ್ನು ಹೇಳಿಕೊಟ್ಟಿರಲಿಲ್ಲ.

ಹಾಗಾಗಿ ಗುರುವಾರದ ಬಗ್ಗೆ ಒಂದು ತೀರ್ಮಾನ ಮಾಡಿದ್ದೇನೆ, ಮನೆಯಲ್ಲಿ ಇನ್ನೂ ಯಾರಿಗೂ ತಿಳಿಸಿಲ್ಲ. ತಮ್ಮ ವೈದ್ಯರ ಎದುರಿಗಿರುವ ಕುರ್ಚಿಯಲ್ಲಿ ಈ ಸಲ ನಾನು ಕೂರುವುದಿಲ್ಲ. ಅವಳನ್ನು ಕೂರಿಸುತ್ತೇನೆ. ಕಾಲು ನೆಲಕ್ಕೆ ಎಟುಕುವುದಿಲ್ಲ, ಪರವಾಗಿಲ್ಲ. ನಾನು ಹಿಂದೆ ನಿಂತಿರುತ್ತೇನೆ. ಅವಳು ಹೇಳಿ ಮುಗಿಸುವವರೆಗೆ, ಹೊರಗೆ ಯಾರ ಹೆಸರು ಕೂಗಿದರೂ, ನಾವಿಬ್ಬರೂ ಕದಲುವುದಿಲ್ಲ.

ಇಂತಿ,
ಗುರುವಾರದ ಟೋಕನ್ ಸಾಲಿನಲ್ಲಿ ತಮಗೆ ಸಿಗುವ,
ಒಂದು ವಾಕ್ಯವನ್ನು ಹದಿನಾಲ್ಕು ತಿಂಗಳು ತಡವಾಗಿ ಮುಗಿಸಿದ
ಒಬ್ಬಳು ತಾಯಿ