ಪಿಕಳಾರದ ಜಗಳಕ್ಕ ಎರಡು ಚೀಲ

ಬೆಟಗೇರಿ, ಮಂಗಳವಾರ

ಮನಿ ಮಾಲಕರಾದ ಈರಣ್ಣಾರಿಗೆ, ಹಿತ್ತಲ ಮನ್ಯಾಗ ಬಾಡಿಗಿ ಇರೋ ತಿಪ್ಪವ್ವನ ಶರಣು.

ನಿಮ್ಮ ಹೊಸಾ ಕಾರಿನ ಕನ್ನಡಿ ಪಿಕಳಾರ ಹಕ್ಕಿ ಕುಕ್ಕತೈತಿ, ಅದಕ್ಕ ಅದು ಗೂಡು ಕಟ್ಟಿದ ನಿಂಬಿಗಿಡಾನ ಕಡಸ್ತೀನಿ ಅಂತ ಹೇಳಿ ಕಳಿಸೀರಿ. ಇದೆಲ್ಲಿ ನ್ಯಾಯರಿ? ಕಾರ್ ತಂದು ಗಿಡದ ಬುಡಕ್ಕ ನಿಲ್ಲಿಸಿದವರು ನೀವು. ಕನ್ನಡ್ಯಾಗ ಕಾಣೋದು ತನ್ನ ಮುಖಾನ ಅಂತ ಅದಕ್ಕ ಹೆಂಗ ಗೊತ್ತಾಗಬೇಕು? ಬ್ಯಾರೆ ಹಕ್ಕಿ ತನ್ನ ಜಾಗಾ ಕಸಿಯಾಕ ಬಂದೈತಿ ಅಂತ ತಿಳಿದು ಬಡದಾಡತೈತಿ. ಗೂಡಿನ್ಯಾಗ ಮರಿ ಅದಾವರಿ.

ಮುಂಜಾನೆ ಅದು ಕೂಗಿದ ಮ್ಯಾಲೇ ನಾ ಮಗ್ಗಕ್ಕ ಕುಂದರತೀನಿ. ಅದರ ಬಾಲದ ಬುಡಕ್ಕಿರೋ ಕೆಂಪು ನೋಡೇ ನಿಮ್ಮ ಮಗಳ ಮದವಿ ಸೀರಿಗೆ ಅಂಚಿನ ಬಣ್ಣಾ ಆರಿಸಿದ್ದೆ. ಅವತ್ತು ಓಣಿ ಮಂದಿಗೆಲ್ಲಾ ತೋರಿಸಿ ಹೊಗಳಿದ್ರಿ, ಮರತೀರೇನು?

ಅದ ಕೆಂಪು ನೂಲು ಒಂದೀಟು ಉಳದಿತ್ತು. ಅದರಾಗ ಅರಿವಿ ನೇಯ್ದು, ಎರಡು ಚೀಲ ಹೊಲಿದು ಇದರ ಜೋಡಿ ಕಳಿಸೀನಿ. ಕಾರ್ ನಿಲ್ಲಿಸಿದಾಗ ಕನ್ನಡಿಗೆ ಹಾಕ್ರಿ. ಕನ್ನಡಿ ಮುಚ್ಚಿದ್ರ ಹಕ್ಕಿ ಜಗಳಾ ಮುಗೀತು.

ಬಾಜೂ ಮನಿ ನಿಮ್ಮ ತಮ್ಮಾರೂ ಕಸಾ ಬೀಳತೈತಿ, ಗಿಡಾ ಕಡೀಬೇಕು ಅಂತ ನನ್ನ ಮುಂದ ಅಂದಾರ. ಈ ಹಿತ್ತಲ ಯಾರದು ಅಂತ ಬಡದಾಡಿ ಅಣ್ಣ ತಮ್ಮ ಮಾತು ಬಿಟ್ಟು ಎಷ್ಟು ವರ್ಷ ಆತು! ಗಿಡಾ ಕಡ್ಯಾಕ ಮಾತ್ರ ಇಬ್ಬರೂ ಒಂದಾಗೀರಿ.

ಹಕ್ಕಿ ಜಗಳಕ್ಕ ಗೇಣುದ್ದದ ಚೀಲ ಸಾಕಾತು. ನಿಮ್ಮಿಬ್ಬರ ಜಗಳಕ್ಕ ಎಷ್ಟು ದೊಡ್ಡದು ಹೊಲೀಲಿ, ಅಳತಿ ಹೇಳಿ ಕಳಸ್ರಿ.

ಇಂತಿ, ಗಿಡದ ಕೆಳಗ ಕುಂತಿರೋ
ತಿಪ್ಪವ್ವ