ಕಾಲುಂಗುರ ಬಿಚ್ಚಿಟ್ಟು ಮಾಡಿದ ನೀಲಿ

ಚಿಕ್ಕಮ್ಮಾ,

ನೀನು ಅಕ್ಷರ ಕೂಡಿಸಿಕೊಂಡು ಓದುವವಳು, ಅದಕ್ಕೇ ದಪ್ಪದಾಗಿ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಒಂದು ವರ್ಷ ಕಾದೆ. ಇಳಿಯಲಿಲ್ಲ. ಇನ್ನು ಕಾಯುವುದಿಲ್ಲ.

ರಾಜಾನುಕುಂಟೆಯಾಚೆ ನೀನು ದುಡಿದ ಆ ಪಟಾಕಿ ಕಾರ್ಖಾನೆಯ ಹಾಜರಿ ಪುಸ್ತಕವನ್ನು ನಾನು ಮೊದಲ ಸಲ ಕಂಡ ದಿನ ನೆನಪಾಗುತ್ತದೆ. ನೀನು ಬಲಗೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದೆ. ನ್ಯಾಯ ಕೇಳಲು ಹೋದ ನನ್ನ ಮುಂದೆ ಮಾಲೀಕ ಪುಸ್ತಕ ತಿರುಗಿಸಿ ಇಟ್ಟ. ಮುನಿಪಿಳ್ಳಮ್ಮ, ಅಮೃತಹಳ್ಳಿ. ಕೆಲಸ: ಕಸ ಗುಡಿಸುವುದು. "ಕಸ ಗುಡ್ಸೋಳಿಗೆ ಮದ್ದಿನ ಶೆಡ್ಡಲ್ಲಿ ಏನಮ್ಮಾ ಕೆಲ್ಸ? ತಾನಾಗೇ ನುಗ್ಗಿ ಸುಟ್ಕೊಂಡ್ರೆ ನಾನೇನ್ ಮಾಡ್ಲಿ?" ಅಂದ. ಇಪ್ಪತ್ತೆರಡು ವರ್ಷ ಅವನ ಮದ್ದು ಕಲೆಸಿದವಳು ನೀನು! ಮದ್ದು ಕಲೆಸುವವರಿಗೆ ತರಬೇತಿ ಕೊಡಿಸಬೇಕು, ವಿಮೆ ಮಾಡಿಸಬೇಕು. ಗುಡಿಸುವವರ ಕೈಗೆ ಪೊರಕೆ ಕೊಟ್ಟರೆ ಮುಗಿಯಿತು. ಅದಕ್ಕಲ್ಲವೇ ನಿಮ್ಮೆಲ್ಲರನ್ನೂ ಗುಡಿಸುವವರನ್ನಾಗಿ ಬರೆದಿದ್ದು?

ನಿನ್ನ ಬರಿಗಾಲು ನೋಡಿ ನಮ್ಮ ಬೀದಿಯ ಹೆಂಗಸರು ಆಡಿಕೊಳ್ಳುತ್ತಿದ್ದದ್ದು ಮರೆತಿದ್ದೀಯಾ? ಮದ್ದಿನ ಶೆಡ್ಡಿಗೆ ಲೋಹದ ಚೂರೂ ಹೋಗುವಂತಿಲ್ಲ, ತಾಗಿ ಕಿಡಿ ಹಾರಿದರೆ ಸೂರೇ ಇರುವುದಿಲ್ಲ. ಅದಕ್ಕೇ ನೀವೆಲ್ಲ ಬಳೆ, ಕಾಲುಂಗುರ ಬಿಚ್ಚಿ, ಹೆಸರು ಬರೆದ ಪೊಟ್ಟಣ ಕಟ್ಟಿ, ಗೇಟಿನ ವಾಚ್‌ಮನ್ ಬಳಿಯ ಬಿಸ್ಕತ್ತಿನ ಡಬ್ಬಿಯಲ್ಲಿ ಇಡುತ್ತಿದ್ದಿರಿ. ದಿನಾ ಬಿಚ್ಚಿ ಹಾಕುವ ಗೋಜು ಬೇಡವೆಂದು ಹಬ್ಬಕ್ಕಷ್ಟೇ ಮನೆಗೆ ತರುತ್ತಿದ್ದಿರಿ. "ಗಂಡ ಬದುಕಿದ್ದಂಗೇ ಕಾಲ್ ಬೋಳು ಮಾಡ್ಕೊಂಡವಳೆ, ನೋಡ್ರೇ" ಅಂದಳು ನಲ್ಲಿಯ ಬಳಿ ಒಬ್ಬಳು. ನೀನು ಬಿಂದಿಗೆ ಕೆಳಗಿಳಿಸಲೂ ಇಲ್ಲ. "ನಿನ್ ಗಂಡನ ಆಯಸ್ಸು ಕಾಲ್ಬೆರಳಲ್ಲೈತಾ? ಅಂಗಾದ್ರೆ ನೋಡ್ಕೊಂಡ್ ನಡಿಯವ್ವಾ, ಎಡವಿಗಿಡವೀಯ!" ಅಂದೆ. ಆಮೇಲೆ ಒಂದು ವಾರ ಅವಳು ನಲ್ಲಿಗೆ ಬರಲಿಲ್ಲ.

ನನ್ನನ್ನು ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋದೆಯಲ್ಲ, ಬೇರೆಯವರು ಮರದಡಿ ಊಟಕ್ಕೆ ಕೂತಿದ್ದಾಗ? ಬಯಲಿನಲ್ಲಿ ಹಳೆಯ ಡ್ರಮ್ಮೊಂದನ್ನು ಅಡ್ಡ ಮಲಗಿಸಿದ್ದೆ. ಅದರೊಳಗಿನ ಕತ್ತಲಲ್ಲಿ ಹಂಚಿನ ಚೂರಿನ ಮೇಲೆ ಚಿಟಿಕೆ ಮದ್ದು ಉರಿಸಿ, "ಏನ್ ಕಾಣ್ತು?" ಅಂದೆ. ನೀಲಿ ಅಂದೆ ನಾನು. "ಯಾವ್ ನೀಲಿ?" ಗ್ಯಾಸ್ ಒಲೆಯ ನೀಲಿ. "ಥೂ! ಅಂಗಾದ್ರೆ ಇನ್ನೂ ಆಗಿಲ್ಲ." ಕೆಂಪು, ಹಸಿರು ಯಾರಿಗಾದರೂ ಬರುತ್ತದೆ, ನೀಲಿ ಬರುವುದಿಲ್ಲ, ಉರಿ ತುಸು ಹೆಚ್ಚಾದರೂ ಬೆಳ್ಳಗಾಗಿಬಿಡುತ್ತದೆ ಅಂತ ಹೇಳಿಕೊಟ್ಟೆ. ಯಾವ ಗಿರಾಕಿಯೂ ಕೇಳಿರದ ಬಣ್ಣ ಅದು. ನಿನಗೆ ಬೇಕಿತ್ತು, ಅಷ್ಟೇ. ಅದಕ್ಕಾಗಿ ಎಷ್ಟು ಊಟ ಬಿಟ್ಟೆಯೋ... ಕೊನೆಗೆ ಶಂಖಪುಷ್ಪದ ನೀಲಿಯನ್ನೇ ಬರಿಸಿದೆ.

ಯಲಹಂಕದ ಮೈದಾನದ ಪಟಾಕಿ ಪೈಪೋಟಿಯಲ್ಲಿ ಹಗ್ಗದ ಈಚೆ ನಿಂತಿದ್ದ ನಿನ್ನ ಮುಖ ಕಣ್ಣಿಗೆ ಕಟ್ಟಿದೆ. ವಿಮಾನಗಳ ದಾರಿ ಅಂತ ತೆಂಗಿನ ಮರದೆತ್ತರ ದಾಟುವ ಯಾವುದನ್ನೂ ಹಚ್ಚಲು ಬಿಟ್ಟಿರಲಿಲ್ಲ. ಮೇಲೆ ಹಾರಿಸುವವರೆಲ್ಲ ಸಪ್ಪಗಾಗಿದ್ದರು. ನಿನ್ನ ಆಳೆತ್ತರದ ಚಕ್ರ ನೆಲದಿಂದ ಎರಡು ಗೇಣು ಮೇಲೆ ತಿರುಗಿತು. ಮೊದಲು ಕಿಡಿ, ಆಮೇಲೆ ಹಸಿರು, ಆಮೇಲೆ ಅಷ್ಟಗಲ ನೀಲಿ. ಗಲಾಟೆ ಮಾಡುತ್ತಿದ್ದ ಹುಡುಗರ ಗುಂಪಿನಲ್ಲಿ ಒಬ್ಬ, "ಮಗಾ... ಏನ್ ಗುರು ಇದು!" ಅಂದ. ಮೊದಲ ಬಹುಮಾನದ ಶೀಲ್ಡು ಇಸಿದುಕೊಂಡವನು ಮಾಲೀಕ. ಮೈಕಿನಲ್ಲಿ "ನನ್ನ ಸಂಶೋಧನೆ" ಅಂದ. ನಾನು ಹಲ್ಲು ಕಡಿಯುತ್ತಿದ್ದರೆ ನೀನು, "ತಗೊಳ್ಲಿ ಬಿಡೆ, ಶೀಲ್ಡ್ ಒರ್ಸೋ ಕೆಲ್ಸ ನಂಗ್ ತಪ್ತು" ಅಂತ ನಕ್ಕೆ. ಯಾಕೆ ನಕ್ಕೆ? ಆವತ್ತೇ ಹಗ್ಗ ದಾಟಿ ಹೋಗಿ ಆ ಮೈಕು ಕಿತ್ತುಕೊಳ್ಳಬೇಕಿತ್ತು ನೀನು. ನಾನಾದರೂ...

ಆ ನೀಲಿಗೆ ಆರ್ಡರು ಹೆಚ್ಚಿದ ಮೇಲೆ ಅವನು ತಂತಿ ಜರಡಿ ತಂದುಕೊಟ್ಟದ್ದನ್ನು ನೀನೇ ಆಸ್ಪತ್ರೆಯ ಮಂಚದ ಮೇಲೆ ಹೇಳಿದೆ. ನೀವು ಹಳೆ ಸೀರೆ ಬಿಗಿದ ಬಿದಿರಿನ ಜರಡಿಯಲ್ಲಿ ಮದ್ದು ಸೋಸುವವರು. ನಿಧಾನ, ಆದರೆ ಕಿಡಿಯಿಲ್ಲ. "ತಂತೀದು ಬ್ಯಾಡ ಸಾಮಿ" ಅಂದೆಯಂತೆ ನೀನು. "ಬಟ್ಟೆ ಜರಡಿ ಹಿಡ್ಕೊಂಡ್ ಕೂತ್ರೆ ಮುಂದಿನ್ ದೀಪಾವಳಿಗೆ ಮುಗಿಯುತ್ತೆ, ಮಾಡಮ್ಮ ಸುಮ್ನೆ" ಅಂದನಂತೆ ಅವನು. ಆ ತಂತಿಯ ಕಿಡಿಗೇ ನಿನ್ನ ಕೈ ಸುಟ್ಟಿತು. ನಿಮ್ಮ ಕಾಲಿನ ಬೆಳ್ಳಿ ಗೇಟು ದಾಟುವಂತಿಲ್ಲ, ಅವನ ತಂತಿ ಮಾತ್ರ ಶೆಡ್ಡಿನೊಳಕ್ಕೆ ಬರಬಹುದು!

ಈಗ ನನ್ನ ತಪ್ಪು. ನೀನು ಬದುಕಿದ್ದಾಗ ಹೇಳಲು ಧೈರ್ಯವಾಗಲಿಲ್ಲ. ನಿನ್ನ ಪರವಾಗಿ ಒಂದು ಕರಪತ್ರ ಬರೆದು ಯಲಹಂಕದ ಬಸ್ ನಿಲ್ದಾಣದಲ್ಲಿ ಹಂಚಿದೆನಲ್ಲ, ಅದರಲ್ಲಿ ನಿನ್ನನ್ನು "ಏನೂ ಅರಿಯದ ಅಮಾಯಕ ಕೂಲಿ ಹೆಂಗಸು" ಅಂತ ಬರೆದಿದ್ದೆ. ಚಳವಳಿಯಲ್ಲಿ ಪಳಗಿದ ಕೈ ನೋಡು, ಜನ ಮರುಗಬೇಕು ಅಂತ ಅದೇ ಬರೆಯುತ್ತದೆ. ನೀಲಿಯ ಮಾತೇ ಇಲ್ಲ. ನಿನ್ನ ಎದೆ ಹೊಗೆ ಕುಡಿದೂ ಕುಡಿದೂ ಕೈಕೊಟ್ಟು, ನೀನು ಹೋದ ಮೂರು ತಿಂಗಳಿಗೆ ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ ಬಂತು. ಮಾಲೀಕ ಜೇಬಿನಿಂದ ಆ ಕರಪತ್ರ ತೆಗೆದ. "ನೋಡಿ ಸಾರ್, ಅವರ ಮನೆ ಹುಡುಗೀನೇ ಬರೆದವಳೆ, ಏನೂ ಅರಿಯದವಳು ಅಂತ. ಇಂಥೋಳು ಬಣ್ಣ ಮಾಡ್ತಾಳಾ?" ಅವನು ಓದುತ್ತಿದ್ದದ್ದು ನನ್ನ ವಾಕ್ಯ, ಚಿಕ್ಕಮ್ಮಾ. ಅವನ ಕೈಗೆ ಅದನ್ನು ಕೊಟ್ಟವಳು ನಾನು.

ಆಗ ಎದ್ದವಳು ನಿನ್ನ ಪಕ್ಕದಲ್ಲೇ ಕೂತು ಮದ್ದು ಕಲೆಸುತ್ತಿದ್ದ ಸಾಕಮ್ಮ. ಅವಳೂ ಸೇರಿ ಬಂದಿದ್ದವರು ಒಂಬತ್ತು ಹೆಂಗಸರು. ಎಲ್ಲರಿಗೂ, "ಕಾಲ್ ಮುಂದಕ್ಕಿಡ್ರೇ" ಅಂದಳು. ಹದಿನೆಂಟು ಪಾದ. ಎಲ್ಲರಿಗೂ ಮದುವೆಯಾಗಿದೆ, ಒಬ್ಬರಿಗೂ ಕಾಲುಂಗುರವಿಲ್ಲ. "ಗುಡ್ಸೋರು ಕಾಲುಂಗ್ರ ಯಾಕ್ ಬಿಚ್ಚಬೇಕು, ಕೇಳಿ ಸಾರ್ ಇವರನ್ನ." ಮಾಲೀಕ ಹಲ್ಲು ಕಿರಿದ. "ಬಡವರು ಸಾರ್, ಅಡ ಇಟ್ಟಿರ್ತಾರೆ." ಸಾಕಮ್ಮ ತಿರುಗಿ ನಿಂತಳು. "ಅಡ ಇಟ್ಟಿಲ್ಲ ಕಣಯ್ಯಾ. ನಿನ್ ಗೇಟಲ್ಲೇ ಐತೆ. ಡಬ್ಬಿ ತರ್ಸು, ನಿನ್ ಹೆಂಡ್ರ ಕಾಲಿಗೂ ಒಂದ್ ಜೊತೆ ಕೊಡ್ತೀವಿ!"

ಮಾರನೆಯ ದಿನ ಅಧಿಕಾರಿ ಗೇಟಿಗೇ ಬಂದು ಡಬ್ಬಿ ತೆರೆಸಿದರು. ಒಂಬತ್ತಲ್ಲ, ಹತ್ತು ಪೊಟ್ಟಣ. ನಿನ್ನ ಮಣ್ಣಿನ ದಿನ ಚಿಕ್ಕಪ್ಪ ಮನೆಯೆಲ್ಲ ಜಾಲಾಡಿದರು, "ಅವಳ ಕಾಲುಂಗ್ರ ಎಲ್ಲೋದ್ವೇ?" ಅಂತ. ಸಿಗದೆ ನಮ್ಮಮ್ಮನ ಕಾಲಿನದು ಬಿಚ್ಚಿ ನಿನಗೆ ಹಾಕಿದೆವು. ನಿನ್ನವು ಅಲ್ಲಿ, ಬಿಸ್ಕತ್ತಿನ ಡಬ್ಬಿಯ ತಳದಲ್ಲಿದ್ದವು. ಕೈ ಸುಟ್ಟ ನಿನ್ನನ್ನು ಶೆಡ್ಡಿನಿಂದ ನೆಟ್ಟಗೆ ಆಸ್ಪತ್ರೆಗೆ ಹೊತ್ತೊಯ್ದಾಗ ಯಾರಿಗೆ ನೆನಪಿರುತ್ತದೆ ಹೇಳು?

ಹತ್ತೂ ಜನರನ್ನು ಮದ್ದು ಕಲೆಸುವವರೆಂದು ಬರೆಯಬೇಕು ಅಂತ ಅಧಿಕಾರಿ ಆದೇಶ ಮಾಡಿದರು. ಮಾಲೀಕ ಮೇಲ್ಮನವಿ ಹಾಕಿದ್ದಾನೆ, ಅದರ ಪ್ರತಿ ನಿನ್ನೆ ಕೈಗೆ ಬಂತು. ಗುಡಿಸುವವಳು ಅನ್ನುವ ಸುಳ್ಳು ಇನ್ನು ನಡೆಯುವುದಿಲ್ಲವೆಂದು ಗೊತ್ತಾಗಿ ರಾಗ ಬದಲಿಸಿದ್ದಾನೆ. ಕೇಳು: "ಮೃತ ಮುನಿಪಿಳ್ಳಮ್ಮ ಇಪ್ಪತ್ತೆರಡು ವರ್ಷ ಮದ್ದು ಕಲೆಸಿದ ಅತ್ಯಂತ ನುರಿತ ಕೆಲಸಗಾರ್ತಿ. ನೀಲಿ ಬಣ್ಣದ ಮಿಶ್ರಣ ಅವರೊಬ್ಬರಿಗೇ ತಿಳಿದಿತ್ತು. ಅಷ್ಟು ಬಲ್ಲವರು ಎಚ್ಚರ ತಪ್ಪಿದ್ದರಿಂದ ಅವಘಡಕ್ಕೆ ಅವರೇ ಹೊಣೆ."

ಓದಿ ಬಾಯಿಗೆ ಬಂದದ್ದೆಲ್ಲ ಬೈದೆ. ಆಮೇಲೆ ಮತ್ತೆ ಓದಿದೆ. ತಪ್ಪನ್ನು ನಿನ್ನ ತಲೆಗೆ ಕಟ್ಟಬೇಕಾದರೆ ಅವನು ಮೊದಲು ನಿನ್ನ ಕೆಲಸ ನಿನಗೆ ಕೊಡಬೇಕಾಯಿತು, ನೀಲಿಯನ್ನೂ ಕೊಡಬೇಕಾಯಿತು. ಕೆಳಗೆ ಅವನದೇ ರುಜು. ಇನ್ನು ಉಳಿದಿರುವುದು ಹೊಣೆ ಯಾರದು ಅನ್ನುವ ಜಗಳ ಒಂದೇ. ಒಂಬತ್ತು ಜನರೂ ಆ ತಂತಿ ಜರಡಿಯ ಬಗ್ಗೆ ಬಾಯಿಬಿಡಲು ತಯಾರಾಗಿದ್ದಾರೆ, ಈ ಸಲ ನಾನು ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳುತ್ತೇನೆ. ಸೋಮವಾರ ವಿಚಾರಣೆ.

ನಿನ್ನ ಅಕ್ಕನ ಮಗಳು